ನಮ್ಮ ಮನೆಯ ಶಾಂತ ನೀರು

ನಮ್ಮೂರಿನಲ್ಲಿ ಒಬ್ಬರಿಗೆ ಹೆದರಿಕೆಯಾದರೆ ಎಲ್ಲರ ಅಂಗೈಯೂ ಬೆವರುತ್ತದೆ. ಮನುಷ್ಯರ ಮೈಯೊಳಗೆ ಏನೇನು ಉಕ್ಕುತ್ತದೋ ಅದೆಲ್ಲ ಬಚ್ಚಲಿಗೆ ಇಳಿಯುತ್ತದೆ, ಬಚ್ಚಲಿನಿಂದ ಒಳಚರಂಡಿಗೆ, ಅಲ್ಲಿಂದ ಊರ ಕೆಳಗಿನ ಶುದ್ಧೀಕರಣದ ಹೊಂಡಗಳಿಗೆ, ಹೊಂಡದಿಂದ ಕೆರೆಗೆ, ಕೆರೆಯಿಂದ ಮತ್ತೆ ಮನೆಮನೆಯ ನಲ್ಲಿಗೆ. ಹೊಂಡದಲ್ಲಿ ಹೊಲಸು ತಳ ಸೇರುತ್ತದೆ, ವಾಸನೆ ಹೋಗುತ್ತದೆ, ಇದೊಂದು ಮಾತ್ರ ಹೋಗುವುದಿಲ್ಲ. ನಮಗೆ ಅಭ್ಯಾಸವಾಗಿದೆ. ಯಾವುದಾದರೂ ಮನೆಯಲ್ಲಿ ಹುಡುಗಿ ಮೈನೆರೆದರೆ ಹಲ್ಲು ಬಿದ್ದ ಮುದುಕರೂ ನಾಲ್ಕು ದಿನ ಸಿಡಿಮಿಡಿಗುಟ್ಟುತ್ತಾರೆ. ಎಲ್ಲೋ ಒಂದು ಮದುವೆ ಗೊತ್ತಾದರೆ ಪುರಸಭೆಯ ಗುಮಾಸ್ತರು ಅರ್ಜಿ ಓದುತ್ತಾ ಸೀಟಿ ಹೊಡೆಯುತ್ತಾರೆ. ಬಾಣಂತಿಯರು ಹೆಚ್ಚಾದ ತಿಂಗಳಲ್ಲಿ, ಕೂಸು ಅತ್ತ ಸದ್ದಿಗೆ ಕುಸ್ತಿ ಪೈಲ್ವಾನರ ಕಣ್ಣಲ್ಲೂ ನೀರು ಬರುತ್ತದೆ. ಯಾರೂ ಯಾರನ್ನೂ ಕೆದಕುವುದಿಲ್ಲ. "ನಲ್ಲೀದು ಬಿಡ್ರಿ" ಅನ್ನುತ್ತಾರೆ, ತಮ್ಮ ಪಾಡಿಗೆ ತಾವು ಹೋಗುತ್ತಾರೆ.

ಅದನ್ನು ಅಳೆಯುವುದು ನನ್ನ ಕೆಲಸ. ಹೊಂಡಗಳ ಪಕ್ಕದಲ್ಲಿ ಹಳದಿ ಬಣ್ಣದ ಲ್ಯಾಬ್ ಒಂದಿದೆ, ಅದರಲ್ಲಿ ನಾನೊಬ್ಬಳೇ. ಹಿಂದೆ ಇಬ್ಬರಿದ್ದೆವು, ನನ್ನ ಹಿರಿಯ ಸಹೋದ್ಯೋಗಿ ನಿವೃತ್ತಿಯಾದ ದಿನವೇ ನಲ್ಲಿ ನೀರು ಕುಡಿದು ಬೀದಿಯಲ್ಲಿ ಕುಣಿದರು. ಯಾಕೆಂದರೆ ಲ್ಯಾಬಿನವರು ನಲ್ಲಿ ನೀರು ಮುಟ್ಟುವಂತಿಲ್ಲ. ಅಳೆಯುವವರ ಮೈಯಲ್ಲೇ ಊರಿನ ಗದ್ದಲವಿದ್ದರೆ ಕೈ ನಡುಗುತ್ತದೆ, ಲೆಕ್ಕ ತಪ್ಪುತ್ತದೆ. ನಮ್ಮ ಮನೆಯ ಹಿತ್ತಲಲ್ಲಿ ಮಳೆನೀರಿನ ತೊಟ್ಟಿ ಇದೆ. ಕುಡಿಯುವುದಕ್ಕೂ, ಅಡುಗೆಗೂ, ಸ್ನಾನಕ್ಕೂ ಅದೇ. ಅಡುಗೆಮನೆಯ ನಲ್ಲಿಗೆ ಕೆಂಪು ಬಟ್ಟೆ ಬಿಗಿದು ಕಟ್ಟಿದೆ. ಒಂದು ಗುಟುಕು ಕುಡಿದರೂ ಆ ಕೆಲಸ ಮುಗಿದಂತೆ, ಮತ್ತೆ ಲ್ಯಾಬಿನ ಬಾಗಿಲು ದಾಟುವಂತಿಲ್ಲ. ನನಗೆ ಇದರಿಂದ ಬೇಜಾರೇನೂ ಇರಲಿಲ್ಲ. ನಿಜ ಹೇಳಬೇಕೆಂದರೆ ಜಂಬವೇ ಇತ್ತು. ಮದುವೆಯ ಮನೆಯಲ್ಲಿ ಎಲ್ಲರೂ ಮದುಮಗಳ ಎದೆಬಡಿತ ಹೊತ್ತು ಕೆಂಪಾಗಿ ಕೂತಿರುವಾಗ, ಹೋಳಿಗೆಗೆ ತುಪ್ಪ ಸಾಲದು ಎಂದು ಗಮನಿಸುವವಳು ನಾನೊಬ್ಬಳೇ. ಸಾವಿನ ಮನೆಯಲ್ಲೂ ಅಷ್ಟೆ, ಕಟ್ಟಿಗೆ ಬಂತೇ ಎಂದು ಕೇಳುವವಳು ನಾನು. ಊರಿನವರು ನನ್ನನ್ನು ಮರ್ಯಾದೆಯಿಂದ ಕಾಣುತ್ತಿದ್ದರು, ಹತ್ತಿರ ಕೂರುತ್ತಿರಲಿಲ್ಲ.

ಸಣ್ಣಪುಟ್ಟ ಏರಿಳಿತವನ್ನು ಊರು ತಾನೇ ನುಂಗಿಕೊಳ್ಳುತ್ತದೆ. ಆದರೆ ಯಾರದೋ ಹೆದರಿಕೆ ಕಡಿಮೆಯಾಗದೆ ದಿನದಿನಕ್ಕೂ ಏರುತ್ತಾ ಹೋದರೆ ಆ ಮನೆಯನ್ನು ಹುಡುಕಲೇಬೇಕು ಎಂಬ ನಿಯಮವಿದೆ. ಲ್ಯಾಬಿನವರು ಮ್ಯಾನ್‌ಹೋಲಿನಿಂದ ಮ್ಯಾನ್‌ಹೋಲಿಗೆ ಹಿಂದಕ್ಕೆ ನಡೆಯುತ್ತಾ ಯಾವ ಓಣಿ, ಯಾವ ಮನೆ ಎಂದು ತೋರಿಸಬೇಕು. ಮನೆ ಸಿಕ್ಕಿದ ಮೇಲೆ ಪಂಪ್‌ಹೌಸಿನ ಸೈರನ್ ಊದುತ್ತಾರೆ. ಜನ ತಮ್ಮ ತಮ್ಮ ಚಾಪೆ ಹಿಡಿದು ಬಂದು ಆ ಮನೆಯ ಪಡಸಾಲೆಯಲ್ಲಿ, ಜಾಗ ಸಾಲದಿದ್ದರೆ ಅಂಗಳದಲ್ಲಿ ಕೂರುತ್ತಾರೆ. ಯಾರೂ ಏನೂ ಕೇಳುವುದಿಲ್ಲ. ಆ ಮನೆಯವರು ಬಾಯಿಬಿಡುವ ತನಕ ಸುಮ್ಮನೆ ಕೂರುವುದು, ಅಷ್ಟೆ. ಹಾಗೆ ಕೂತು ಎಷ್ಟೋ ಜನರನ್ನು ಉಳಿಸಿಕೊಂಡಿದ್ದೇವೆ. ಒಮ್ಮೆ ಮಾತ್ರ ತಡವಾಯಿತು. ಗಡಿಯಾರ ರಿಪೇರಿಯ ತೋಟಪ್ಪನ ಮನೆಯ ಓಣಿಯವರೆಗೂ ಬಂದಿದ್ದೆವು. ಮಾರನೆಯ ಬೆಳಿಗ್ಗೆ ಊರಿನ ಎದೆ ಇದ್ದಕ್ಕಿದ್ದಂತೆ ಹಗುರಾಯಿತಂತೆ, ಎಲ್ಲರೂ ಹಾಯಾಗಿ ಕೂತು ಚಹಾ ಕುಡಿದರಂತೆ. ಸಂಜೆಗೆ ತೋಟಪ್ಪ ತೀರಿಕೊಂಡ ಸುದ್ದಿ ಬಂತು. ಆ ಚಹಾದ ನೆನಪು ಊರಿಗೆ ಇನ್ನೂ ಚುಚ್ಚುತ್ತದೆ. ಅಂದಿನಿಂದ ನಮ್ಮೂರಿನವರು ಕಳವಳಕ್ಕಿಂತ ಹೆಚ್ಚಾಗಿ, ಕಾರಣ ತಿಳಿಯದ ನೆಮ್ಮದಿಗೆ ಹೆದರುತ್ತಾರೆ.

ಈ ಸಲ ಶುರುವಾದದ್ದು ಬೇಸಿಗೆಯ ಕೊನೆಗೆ. ಮೊದಮೊದಲು ಜನ ನಕ್ಕರು. ಹಾಲು ಉಕ್ಕುವ ಮೊದಲೇ ಒಲೆ ಆರಿಸುತ್ತಿದ್ದರು, ಮೇಷ್ಟ್ರು ಬೋರ್ಡಿನ ಮೇಲೆ ಬರೆದು ಮುಗಿಸುವ ಮೊದಲೇ ಒರೆಸುತ್ತಿದ್ದರು, ಬಸ್ಸಿಗೆ ಕಾಯುವವರು ಕಾಯಲಾರದೆ ನಡೆದೇ ಹೋಗಿ, ಅರ್ಧ ದಾರಿಯಲ್ಲಿ ನಿಂತು, ಮತ್ತೆ ತಿರುಗಿ ಬರುತ್ತಿದ್ದರು. ಆಮೇಲೆ ನಗು ನಿಂತಿತು. ಕ್ಷೌರದ ಅಂಗಡಿಯವರು ಕತ್ತಿ ಹಿಡಿಯಲು ಒಲ್ಲೆವೆಂದು ಬಾಗಿಲು ಹಾಕಿದರು. ಊರ ತುಂಬ ಗಡ್ಡದ ಗಂಡಸರು ಬಾಗಿಲಿಂದ ಕಟ್ಟೆಗೆ, ಕಟ್ಟೆಯಿಂದ ಬಾಗಿಲಿಗೆ ತಿರುಗುತ್ತಿದ್ದರು. ಕೂತ ಹೆಂಗಸರು ಗಳಿಗೆಗೊಮ್ಮೆ ಎದ್ದು ಸೆರಗು ಸರಿಮಾಡಿಕೊಂಡು, ಯಾಕೆ ಎದ್ದೆವೆಂದು ಮರೆತು ನಿಲ್ಲುತ್ತಿದ್ದರು. ಪುರಸಭೆಯ ಅಧ್ಯಕ್ಷೆ ದಾನಮ್ಮನವರು ಲ್ಯಾಬಿಗೇ ಬಂದರು. ದಪ್ಪ ಮೈಯ, ಗಟ್ಟಿ ದನಿಯ ಹೆಂಗಸು. ಕುರ್ಚಿ ಕೊಟ್ಟರೂ ಕೂರಲಾಗಲಿಲ್ಲ ಅವರಿಗೆ. "ಕಸ್ತೂರಿ, ಇದು ತೋಟಪ್ಪನಕಿಂತ ದೊಡ್ಡದೈತಿ. ಯಾರೋ ಒಬ್ರು ಒಳಗ ಸಾಯಾಕತ್ತಾರ. ಲಗೂನ ಹುಡುಕವ್ವಾ" ಅಂದರು. ಹಾಗಂದು ಮೇಜಿನ ಮೇಲಿನ ಪೆನ್ನನ್ನು ಎತ್ತಿ ಇಟ್ಟು, ಎತ್ತಿ ಇಟ್ಟು, ಕೊನೆಗೆ ಅದನ್ನೇ ಹಿಡಿದುಕೊಂಡು ಹೊರಟುಹೋದರು.

ಹುಡುಕುವುದು ಹೇಳಿದಷ್ಟು ಸುಲಭವಲ್ಲ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲಿ ಕೆಲವೇ ಪಾಲನ್ನು ಒಂದು ಲೀಟರು ಕೊಳಕು ನೀರಿನಲ್ಲಿ ಬಿಟ್ಟರೆ ಎಷ್ಟೋ, ನಾನು ಹುಡುಕುವ ಹೆದರಿಕೆಯ ಹಾರ್ಮೋನು ಅಷ್ಟೇ ಇರುತ್ತದೆ. ಫಕೀರಪ್ಪ ಓಣಿಓಣಿಯ ಮ್ಯಾನ್‌ಹೋಲಿನ ಮುಚ್ಚಳ ಸರಿಸಿ, ಹಗ್ಗಕ್ಕೆ ಕಟ್ಟಿದ ಬಾಟಲಿ ಇಳಿಸಿ ನೀರು ತರುತ್ತಾನೆ. ಅವನು ಹೊರಗಿನ ಕೆಲಸದವನು, ನಲ್ಲಿ ನೀರು ಕುಡಿಯುವವನು, ನಿಯಮ ಅವನಿಗಿಲ್ಲ. ಆ ನೀರನ್ನು ಸೋಸಿ, ಬಿಳಿಯ ಪುಡಿ ತುಂಬಿದ ಬೆರಳುದ್ದದ ಕೊಳವೆಯ ಮೂಲಕ ಹನಿಹನಿಯಾಗಿ ಇಳಿಸುತ್ತೇನೆ. ನೀರು ಹೊರಟುಹೋಗುತ್ತದೆ, ಬೇಕಾದದ್ದು ಪುಡಿಗೆ ಅಂಟಿಕೊಂಡು ಕೂರುತ್ತದೆ. ಅವಸರ ಮಾಡಿದರೆ ಅದೂ ನೀರಿನ ಜೊತೆ ಓಡಿಹೋಗುತ್ತದೆ. ಆಮೇಲೆ ಮೆಥನಾಲ್ ಹಾಕಿ ಅದನ್ನು ಬಿಡಿಸಿ, ಸಣ್ಣ ಗಾಜಿನ ಶೀಷೆಯಲ್ಲಿ ಹಿಡಿದು, ಮೇಲಿಂದ ನೈಟ್ರೋಜನ್ ಗಾಳಿ ಊದಿ ಒಣಗಿಸುತ್ತೇನೆ. ಶೀಷೆಯಲ್ಲಿ ಕಣ್ಣಿಗೆ ಏನೂ ಉಳಿದಿರುವುದಿಲ್ಲ. ಆ ಏನೂ ಇಲ್ಲದ್ದನ್ನು ಒಂದು ತೊಟ್ಟು ದ್ರಾವಣದಲ್ಲಿ ಕರಗಿಸಿ ಯಂತ್ರಕ್ಕೆ ಕೊಟ್ಟರೆ, ಅದು ಕಾಗದದ ಮೇಲೆ ಗುಡ್ಡದಂಥ ಒಂದು ಗೀಟು ಬರೆಯುತ್ತದೆ. ಗುಡ್ಡ ಎತ್ತರವಾದಷ್ಟೂ ಹೆದರಿಕೆ ಹೆಚ್ಚು.

ಇಷ್ಟಕ್ಕೇ ಮುಗಿಯುವುದಿಲ್ಲ. ಯಾವ ಮನೆಯ ಕೊಳಕು ನೀರಿನಲ್ಲೂ ಸಾಬೂನು, ಅರಿಸಿನ, ಒಗ್ಗರಣೆಯ ಎಣ್ಣೆ ಎಲ್ಲ ಇರುತ್ತವೆ. ಅವೂ ಯಂತ್ರದ ಮುಂದೆ ತಮ್ಮದೊಂದು ಸದ್ದು ಮಾಡುತ್ತವೆ. ಆ ಸದ್ದು ಎಷ್ಟು ಎಂದು ತಿಳಿಯಲು ಹೆದರಿಕೆಯೇ ಇಲ್ಲದ ಒಂದು ಮನೆಯ ಕೊಳಕು ನೀರು ಬೇಕು. ಅದನ್ನು ನಾವು ಶಾಂತ ನೀರು ಅನ್ನುತ್ತೇವೆ. ಮೊದಲು ಅದನ್ನು ಅಳೆದು, ಅಷ್ಟನ್ನು ಉಳಿದೆಲ್ಲ ಓಣಿಗಳ ಅಳತೆಯಿಂದ ಕಳೆಯುವುದು ಪದ್ಧತಿ. ಇಡೀ ಊರಲ್ಲಿ ಊರಿನ ಕಳವಳ ಮುಟ್ಟದ ಮನೆ ಯಾವುದು? ಮಳೆನೀರು ಕುಡಿಯುವ ಲ್ಯಾಬಿನವರ ಮನೆ. ಅಂದರೆ ನಮ್ಮದು. ಅದರ ಬಚ್ಚಲ ಕೊಳವೆ ಯಾವ ಓಣಿಯ ಮ್ಯಾನ್‌ಹೋಲಿಗೂ ಸೇರದೆ ನೇರ ಹೊಂಡಕ್ಕೇ ಹೋಗುತ್ತದೆ. ಮನೆಯಲ್ಲಿ ನಾನು ಮತ್ತು ಅಕ್ಕ ನೀಲವ್ವ ಇಬ್ಬರೇ. ಭಾವ ತೀರಿಕೊಂಡ ಮೇಲೆ ಅಕ್ಕ ನನ್ನ ಜೊತೆಗೇ ಇದ್ದಾಳೆ. ನಾನು ಹೊರಡುವ ಹೊತ್ತಿಗೆ ಬಚ್ಚಲ ಕೊಳವೆಯ ಬಾಯಿಗೆ ಬಾಟಲಿ ಹಿಡಿದು ತುಂಬಿ, ಒರೆಸಿ, ಬುತ್ತಿಯ ಜೊತೆ ಕೈಗೆ ಕೊಡುವುದು ಅವಳ ಕೆಲಸವಾಗಿತ್ತು. ಬುತ್ತಿಯ ಪಕ್ಕದಲ್ಲಿ ಬಚ್ಚಲ ನೀರು ಇಟ್ಟುಕೊಂಡು ನೌಕರಿಗೆ ಹೋಗುವವಳು ನಾನೊಬ್ಬಳೇ ಇರಬೇಕು ಎಂದು ನಾವಿಬ್ಬರೂ ಎಷ್ಟೋ ಸಲ ನಕ್ಕಿದ್ದೇವೆ.

ಮೊದಲ ದಿನ ಎಲ್ಲ ಓಣಿಗಳನ್ನೂ ಅಳೆದೆ. ಯಾವ ಓಣಿಯಲ್ಲೂ ಏನೂ ಇರಲಿಲ್ಲ. ಕಿಟಕಿಯ ಆಚೆ ಫಕೀರಪ್ಪ ಬೀಡಿ ಹಚ್ಚಲಾರದೆ ಕಡ್ಡಿಯ ಮೇಲೆ ಕಡ್ಡಿ ಗೀರುತ್ತಿದ್ದ, ನನ್ನ ಕಾಗದ ಮಾತ್ರ ಊರು ನೆಮ್ಮದಿಯಾಗಿದೆ ಅನ್ನುತ್ತಿತ್ತು. ಮರುದಿನ ಮತ್ತೆ ಅಳೆದೆ. ಈ ಸಲ ಲೆಕ್ಕ ಸೊನ್ನೆಗಿಂತಲೂ ಕೆಳಗೆ ಬಂತು. ಕುಂಬಾರ ಓಣಿ, ಮಸೀದಿ ಓಣಿ, ಹೊಸ ಬಡಾವಣೆ, ಎಲ್ಲ ಕಡೆ ಹೆದರಿಕೆ ಸೊನ್ನೆಗಿಂತ ಕಡಿಮೆ. ಫಕೀರಪ್ಪ ಕಾಗದ ನೋಡಿ, "ಸೊನ್ನಿಕಿಂತ ಕಡಿಮಿ ಅಂದ್ರ ಏನ್ರೀ ಬಾಯಾರ, ನಾವು ಹುಲಿ ಹಿಡಿಯಾಕ ಹೊಂಟೀವೇನು?" ಅಂದ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅಂದು ಅವನ ಮೇಲೆ ಹರಿಹಾಯ್ದೆ. ಬಾಟಲಿ ತೊಳೆದಿಲ್ಲ, ಹಗ್ಗ ಕೊಳಕು, ಬೀಡಿಯ ಕೈಯಲ್ಲಿ ಮುಚ್ಚಳ ಮುಟ್ಟುತ್ತೀಯ ಎಂದು ಏನೇನೋ ಅಂದೆ. ಅವನು ನಡುಗುವ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಕೇಳಿಸಿಕೊಂಡ.

ಕೊಳವೆ ಬದಲಾಯಿಸಿದೆ. ಹೊಸ ಮೆಥನಾಲ್ ತೆರೆದೆ. ಯಂತ್ರವನ್ನು ಬಿಚ್ಚಿ ಒರೆಸಿ ಕೂಡಿಸಿದೆ. ದಿನಗಳು ಹೋದಂತೆ ಲೆಕ್ಕ ಇನ್ನೂ ಕೆಳಕ್ಕೆ ಇಳಿಯಿತು, ಊರು ಇನ್ನೂ ಹೆಚ್ಚು ನಡುಗಿತು. ದಾರಿಯಲ್ಲಿ ಜನ ನನ್ನನ್ನು ತಡೆದು ನಿಲ್ಲಿಸಿ ಏನಾಯಿತೆಂದು ಕೇಳುತ್ತಿದ್ದರು, ಉತ್ತರ ಕೇಳಲು ನಿಲ್ಲಲಾರದೆ ಹೊರಟುಬಿಡುತ್ತಿದ್ದರು. ನನಗೆ ಕಳವಳ ಇರಲಿಲ್ಲ, ಸಿಟ್ಟಿತ್ತು. ಅಷ್ಟು ವರ್ಷ ತಪ್ಪದ ಲೆಕ್ಕ ನನ್ನ ಕೈಯಲ್ಲಿ ತಪ್ಪುತ್ತಿತ್ತು. ಮನೆಗೆ ಬಂದರೆ ಅಕ್ಕ ತಟ್ಟೆ ಹಾಕುತ್ತಾ ಕೇಳುತ್ತಿದ್ದಳು, "ಯಾರಂತ ಗೊತ್ತಾತೇನ?" "ಇಲ್ಲ" ಅನ್ನುತ್ತಿದ್ದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಆರಿಸಿಟ್ಟ ಅಕ್ಕಿಯನ್ನೇ ಮೊರಕ್ಕೆ ಸುರಿದುಕೊಂಡು ಮತ್ತೆ ಆರಿಸಲು ಕೂರುತ್ತಿದ್ದಳು. ಒಂದು ದಿನ, "ಅಳತಿ ಬರೋಬ್ಬರಿ ಐತೇನ?" ಎಂದೂ ಕೇಳಿದಳು. ನನಗೆ ರೇಗಿತು. "ನಿನಗ್ಯಾಕ ಆ ಉಸಾಬರಿ, ನೀನು ಅಕ್ಕಿ ಆರ್ಸು" ಅಂದೆ. ಅವಳು ಆರಿಸಿದಳು.

ಮರುದಿನ ಬೆಳಿಗ್ಗೆ ಫಕೀರಪ್ಪ ನನ್ನ ಕೈಚೀಲ ಇಳಿಸಿಕೊಳ್ಳಲು ಬಂದವನು ಶಾಂತ ನೀರಿನ ಬಾಟಲಿಯನ್ನು ಕೈಜಾರಿಸಿದ. ಬಾಟಲಿ ಒಡೆಯಲಿಲ್ಲ, ಮುಚ್ಚಳ ಕಿತ್ತು ನೀರು ನೆಲದ ಪಾಲಾಯಿತು, ತಳದಲ್ಲಿ ನಾಲ್ಕು ಬೆರಳಿನಷ್ಟು ಉಳಿಯಿತು. ಅವನನ್ನು ಬಯ್ಯುವ ಶಕ್ತಿಯೂ ನನಗೆ ಉಳಿದಿರಲಿಲ್ಲ. ಮನೆಗೆ ಹೋಗಿ ಬರುವಷ್ಟು ತಾಳ್ಮೆಯೂ ಇರಲಿಲ್ಲ. ಲ್ಯಾಬಿನ ಮಾಳಿಗೆಯ ತೊಟ್ಟಿಯಿಂದ ಒಂದು ಲೀಟರು ಬರಿ ಮಳೆನೀರು ತಂದು, ಇವತ್ತಿಗೆ ಇದೇ ಶಾಂತ ನೀರು ಎಂದು ಅದನ್ನೇ ಕೊಳವೆಗೆ ಇಳಿಸಿದೆ. ಮಧ್ಯಾಹ್ನದ ಹೊತ್ತಿಗೆ ಒಂದೊಂದೇ ಓಣಿಯ ಗೀಟು ಬರತೊಡಗಿತು. ಗುಡ್ಡಗಳು ಎದ್ದವು. ಕುಂಬಾರ ಓಣಿಯಲ್ಲಿ, ಮಸೀದಿ ಓಣಿಯಲ್ಲಿ, ಹೊಸ ಬಡಾವಣೆಯಲ್ಲಿ, ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಎತ್ತರ. ನಲ್ಲಿಯಿಂದ ಎಲ್ಲರಿಗೂ ಹಂಚಿಹೋದ ಹೆದರಿಕೆ ಅದು. ಹುಟ್ಟಿದ ಮನೆ ಇನ್ನೂ ಎತ್ತರಕ್ಕೆ ಏಳಬೇಕು, ಅಂಥದ್ದು ಯಾವ ಓಣಿಯಲ್ಲೂ ಇರಲಿಲ್ಲ. ನಾನು ಗೀಟುಗಳನ್ನು ಮೇಜಿನ ಮೇಲೆ ಸಾಲಾಗಿ ಹಾಸಿ ನೋಡುತ್ತಾ ಕೂತೆ. ಇಷ್ಟು ದಿನ ಇಷ್ಟು ದೊಡ್ಡ ಗುಡ್ಡಗಳನ್ನು ಸೊನ್ನೆಗಿಂತ ಕೆಳಕ್ಕೆ ತಳ್ಳಿದ್ದು ಏನು ಎಂದು ಕೇಳಿಕೊಂಡಾಗ ಉತ್ತರ ಮೇಜಿನ ಮೂಲೆಯಲ್ಲೇ ಇತ್ತು. ಬಾಟಲಿಯ ತಳದ ಆ ನಾಲ್ಕು ಬೆರಳು ನೀರನ್ನು, ಬೇರೆ ಯಾವ ಓಣಿಯ ನೀರನ್ನೋ ಅಳೆಯುವ ಹಾಗೆ ಅಳೆದೆ. ಹನಿ ಇಳಿಯುವುದನ್ನು ಕಾಯುತ್ತಾ ಎದ್ದೆ, ಕೂತೆ, ಮತ್ತೆ ಎದ್ದೆ. ಗೀಟು ಏರುತ್ತಾ ಏರುತ್ತಾ ಕಾಗದದ ಮೇಲಂಚನ್ನು ದಾಟಿ ಹೊರಗೆ ಹೋಯಿತು.

ಮನೆಯಲ್ಲಿ ಇರುವವರು ಇಬ್ಬರು. ಅವರಲ್ಲಿ ಒಬ್ಬಳು ನಾನು, ನನಗೆ ಏನೂ ಆಗಿರಲಿಲ್ಲ. ಚೆನ್ನಾಗಿ ಉಂಡಿದ್ದೆ, ಚೆನ್ನಾಗಿ ನಿದ್ದೆ ಮಾಡಿದ್ದೆ. ನಾನು ಲ್ಯಾಬಿನ ಬಾಗಿಲನ್ನೂ ಹಾಕದೆ ಹೊರಟೆ. ಕೊಳವೆಯಲ್ಲಿ ಇನ್ನೂ ಹನಿ ಇಳಿಯುತ್ತಿತ್ತು. ಫಕೀರಪ್ಪ ಏನೂ ತಿಳಿಯದೆ ಹಿಂದೆಯೇ ಬಂದ. ದಾರಿಯುದ್ದಕ್ಕೂ ನನಗೆ ತೋಟಪ್ಪನ ಸಾವಿನ ದಿನದ ಚಹಾ ನೆನಪಾಗುತ್ತಿತ್ತು. ಎದುರು ಬಂದವರ ಮುಖಗಳನ್ನು ನೋಡುತ್ತಾ ಓಡಿದೆ. ಯಾರ ಮುಖದಲ್ಲಾದರೂ ನೆಮ್ಮದಿ ಕಂಡರೆ ಅಲ್ಲೇ ಕುಸಿಯುತ್ತಿದ್ದೆ. ಎಲ್ಲರೂ ತಳಮಳಿಸುತ್ತಿದ್ದರು. ಅದನ್ನು ನೋಡಿ ನನ್ನ ಜೀವಕ್ಕೆ ಸಮಾಧಾನವಾಗುತ್ತಿತ್ತು.

ಅಕ್ಕ ಪಡಸಾಲೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಫಕೀರಪ್ಪ ಹೊಸ್ತಿಲ ಆಚೆ ನಿಂತ. ನಾನು ಅವಳ ಮುಂದೆ ಕೂತು, ಮೊರವನ್ನು ಪಕ್ಕಕ್ಕೆ ಸರಿಸಿದೆ. ಅವಳು ನನ್ನ ಮುಖ ನೋಡಿ, ಇಷ್ಟು ದಿನ ಕೇಳಿದ ಮಾತನ್ನೇ ಕೇಳಿದಳು. "ಗೊತ್ತಾತೇನ?" "ಗೊತ್ತಾತು" ಅಂದೆ. ಅವಳು ಬೆರಳಿಗೆ ಅಂಟಿದ ಅಕ್ಕಿಯನ್ನು ಒಂದೊಂದಾಗಿ ಬಿಡಿಸಿದಳು. ಆಮೇಲೆ ಸೆರಗಿನ ಮೇಲಿಂದಲೇ ಎಡ ಎದೆಯನ್ನು ಮುಟ್ಟಿ, "ಇಲ್ಲೊಂದು ಗಂಟು ಆಗೈತಿ. ಅವ್ವಗ ಆಗಿತ್ತಲ್ಲ, ಅಂಥಾದ" ಅಂದಳು. ಅವ್ವನಿಗೂ ಹಾಗೆಯೇ ಆಗಿತ್ತು. ಅವ್ವನೂ ಯಾರಿಗೂ ಹೇಳಿರಲಿಲ್ಲ, ಹೇಳುವ ಹೊತ್ತಿಗೆ ಡಾಕ್ಟರರ ಕೈಯಲ್ಲೂ ಏನೂ ಉಳಿದಿರಲಿಲ್ಲ. ನನ್ನ ಬಾಯಿಂದ ಬಂದದ್ದು ಬೈಗುಳ. ಒಂದೇ ಸೂರಿನ ಕೆಳಗೆ ಇದ್ದೀಯ, ಒಂದು ಮಾತು ಹೇಳಬಾರದಿತ್ತೇ, ನಾನೇನು ಸತ್ತಿದ್ದೆನೇ ಎಂದು ಅವಳ ಮೇಲೆ ಕೂಗಾಡಿದೆ. ಅವಳು ಕೂಗು ಮುಗಿಯುವ ತನಕ ಕಾದಳು. "ಹೇಳಾಕ ಬಾಯಿ ಬರ್ಲಿಲ್ಲ. ಹೇಳಿದ್ರ ಅದು ಖರೇನ ಆಗ್ತೈತಿ ಅನಸ್ತು. ನೀ ದಿನಾ ಬಾಟ್ಲಿ ಒಯ್ತಿದ್ದಿ. ನಾನ ತುಂಬಿ ಕೊಡ್ತಿದ್ನಿ. ನಿನಗ ಅಲ್ಲೇ ಗೊತ್ತಾಗ್ತೈತಿ ಅಂತ ಹಾದಿ ಕಾಯ್ತಿದ್ನಿ" ಅಂದಳು.

ಅವಳು ತುಂಬಿ ಕೊಟ್ಟದ್ದನ್ನು ನಾನು ದಿನವೂ ಊರಿನ ಲೆಕ್ಕದಿಂದ ಕಳೆಯುತ್ತಿದ್ದೆ. ಅವಳ ಹೆದರಿಕೆ ಹೆಚ್ಚಾದಷ್ಟೂ ಹೆಚ್ಚು ಕಳೆಯುತ್ತಿದ್ದೆ. ಅದನ್ನು ಅವಳಿಗೆ ಹೇಗೆ ಬಿಡಿಸಿ ಹೇಳುವುದೆಂದು ತಿಳಿಯದೆ, "ಇಷ್ಟು ದಿನ ಒಬ್ಬಾಕೀನ ಹೆಂಗ ತಡಕೊಂಡಿ ಅಕ್ಕಾ?" ಅಂದೆ. ಅವಳು ಸ್ವಲ್ಪ ನಕ್ಕಳು. "ಒಬ್ಬಾಕಿ ಎಲ್ಲಿದ್ನಿ? ಕಾಯಿಪಲ್ಲೆ ಹುಸೇನಬಿ ಬುಟ್ಟಿ ಇಳಿಸಿ ನನ್ನ ಮುಂದ ಅತ್ತಳು, ಯಾರದೋ ಏನೋ ನೀಲವ್ವಾ, ಎದಿ ಒಳಗ ಹಿಡದಂಗ ಆಗೈತಿ ಅಂತ. ನಾ ಆಕೀ ಕೈ ಹಿಡಕೊಂಡು ನಿಂತ್ನಿ. ನೀರಗಂಟಿ, ಮಾಸ್ತರು, ಹಾಲಿನಾಂವ, ಯಾರ ಸಿಕ್ರೂ ನನ್ನಂಗ ಆಗಿದ್ರು. ಊರೆಲ್ಲಾ ನನ್ನ ಜೋಡಿ ಇತ್ತು, ಕಸ್ತೂರಿ. ನೀ ಒಬ್ಬಾಕಿ ಇರ್ಲಿಲ್ಲ, ಅಷ್ಟ." ದೂರುವ ದನಿ ಅದಾಗಿರಲಿಲ್ಲ. ಹಾಲು ಬಂದಿಲ್ಲ ಎಂದು ಹೇಳುವ ಹಾಗೆ ಹೇಳಿದಳು. ಹೊಸ್ತಿಲಲ್ಲಿ ಫಕೀರಪ್ಪ ಮುಖ ಆಚೆಗೆ ತಿರುಗಿಸಿಕೊಂಡಿದ್ದ. ಸೈರನ್ ಊದಿಸಲೇ ಎಂದು ಅಕ್ಕನನ್ನು ಕೇಳಿದೆ. ಬೇಡವೆಂದರೆ ಊದಿಸುವುದಿಲ್ಲ ಎಂದೂ ಅಂದೆ. "ಬರ್ಲಿ. ನಾಳೆ ದವಾಖಾನಿಗೆ ಹೋಗಾಕ ಧೈರ್ಯಾ ಬೇಕಲ್ಲ" ಅಂದಳು. ಫಕೀರಪ್ಪ ಹೇಳಿಸಿಕೊಳ್ಳದೆ ಪಂಪ್‌ಹೌಸಿಗೆ ಓಡಿದ.

ನಾನು ಎದ್ದು ಅಡುಗೆಮನೆಗೆ ಹೋದೆ. ನಲ್ಲಿಯ ಕೆಂಪು ಬಟ್ಟೆಯ ಗಂಟು ಕಲ್ಲಿನಂತಾಗಿತ್ತು, ಹಲ್ಲಿನಿಂದ ಬಿಚ್ಚಬೇಕಾಯಿತು. ಅಕ್ಕ ಹಿಂದೆಯೇ ಬಂದು, "ಏ, ನೌಕರಿ ಹೋಗ್ತೈತಿ" ಅಂದಳು. ನಲ್ಲಿ ಕೆಮ್ಮಿತು, ಕೆಂಪು ನೀರು ಉಗುಳಿತು, ಆಮೇಲೆ ತಿಳಿಯಾಯಿತು. ಲೋಟ ತುಂಬಿ ಕುಡಿದೆ. ಇನ್ನೊಂದು ಲೋಟ ಕುಡಿದೆ. ನೀರಿಗೆ ರುಚಿಯೇನೂ ಇರಲಿಲ್ಲ. ಮೂರನೆಯದನ್ನು ಅರ್ಧ ಕುಡಿಯುವಷ್ಟರಲ್ಲಿ ಅಂಗೈ ಒದ್ದೆಯಾಯಿತು, ಲೋಟ ಕಟ್ಟೆಗೆ ತಾಗಿ ಕಟಕಟ ಸದ್ದು ಮಾಡಿತು. ಎಲ್ಲಿಗಾದರೂ ಹೋಗಬೇಕು ಅನ್ನಿಸಿತು, ಎಲ್ಲಿಗೆ ಎಂದು ತಿಳಿಯಲಿಲ್ಲ. ಹಿತ್ತಲಿಗೆ ಹೋಗಿ ಬಂದೆ, ಪಡಸಾಲೆಗೆ ಬಂದೆ, ಕೂತೆ, ಎದ್ದೆ. ಇಷ್ಟನ್ನು ಎದೆಯಲ್ಲಿ ಇಟ್ಟುಕೊಂಡು ಅವಳು ದಿನಾ ನನಗೆ ರೊಟ್ಟಿ ಬಡಿದಿದ್ದಳು. ಅಷ್ಟು ಹೊತ್ತಿಗೆ ಸೈರನ್ ಊದಿತು.

ಜನ ಚಾಪೆ ಹಿಡಿದು ಬಂದರು. ಗಡ್ಡದವರು, ಹಾಲಿನವರು, ಮೇಷ್ಟ್ರು, ಹುಸೇನಬಿ, ಎಲ್ಲರೂ ಸದ್ದಿಲ್ಲದೆ ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆಗುಂಟ ಕೂತರು. ನಮ್ಮ ಮನೆಗೆ ಅಷ್ಟು ಜನ ಯಾವತ್ತೂ ಬಂದಿರಲಿಲ್ಲ. ದಾನಮ್ಮನವರು ಮುಂದೆ ಇದ್ದರು, ನನ್ನ ಪೆನ್ನು ಇನ್ನೂ ಅವರ ಕೈಯಲ್ಲೇ ಇತ್ತು. ಅವರು ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು. ಅಕ್ಕ ಜನರಿಗೆ ಜಾಗ ಮಾಡಿಕೊಡುತ್ತಾ ನೆಟ್ಟಗೆ ನಿಂತಿದ್ದಳು. ನಾನು ಕೂತಲ್ಲಿ ಕೂರಲಾರದೆ, ನಡುಗುವ ಎರಡೂ ಕೈಗಳನ್ನು ಮಡಿಲಲ್ಲಿ ಹಿಸುಕಿಕೊಂಡಿದ್ದೆ. ದಾನಮ್ಮನವರು ನಿಯಮ ಮರೆತು ನನ್ನ ಮುಂದೆ ಮೊಣಕಾಲೂರಿ, ನನ್ನ ಕೈಗಳನ್ನು ಹಿಡಿದುಕೊಂಡು, "ನೀನ ಏನವ್ವಾ? ಏನಾಗೈತಿ ನಿನಗ?" ಎಂದು ಕೇಳಿದರು. ನನಗಲ್ಲ ಎಂದು ಹೇಳಬೇಕಿತ್ತು. ಅಕ್ಕ ನನ್ನ ಪಕ್ಕ ಬಂದು ಕೂತು, ಊರಿನ ಮುಂದೆ ಮೊದಲ ಸಲ ಬಾಯಿಬಿಟ್ಟಳು. "ಆಕೀಗಲ್ಲರಿ ದಾನವ್ವಾರ, ಆಗಿದ್ದು ನನಗ. ಆಕಿ ಈಗಷ್ಟ ಬಂದಾಳ."